ಫಾಲ್ಸ್ ಫೋಟೋದಾಗ ನಮ್ಮ ಅಜ್ಜ ಎಲ್ಲಿದ್ದಾನ?

ಮಳೆಗಾಲ ಶುರುವಾಗಿ ಘಟಪ್ರಭೆಯ ನೀರು ಕೆಂಪಾಗುತ್ತಿದ್ದಂತೆ ನಮ್ಮ ಭಾಗದ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ತರಹದ ಫೋಟೋಗಳು ಓಡಾಡತೊಡಗುತ್ತವೆ. ಒಂದು, ಇವತ್ತು ಮುಂಜಾನೆ ಯಾರೋ ಫಾಲ್ಸ್ ಮುಂದೆ ನಿಂತು ತೆಗೆದುಕೊಂಡ ಸೆಲ್ಫಿ. ಇನ್ನೊಂದು, ನೂರು ವರ್ಷದ ಹಿಂದಿನ ಗೋಕಾಕ ಫಾಲ್ಸಿನ ಕಪ್ಪು-ಬಿಳುಪು ಚಿತ್ರ. ಎರಡನೆಯದನ್ನು ನೀವೂ ಹತ್ತು ಮಂದಿಗೆ ಕಳಿಸಿರುತ್ತೀರಿ. ಆದರೆ ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ್ದೀರಾ?

ಹಿಗ್ಗಿಸಿ ನೋಡಿದರೆ ಸಿಗುವುದು ಹೆಚ್ಚಾಗಿ ಇಷ್ಟೇ: ಧುಮುಕುವ ನೀರು, ಬಂಡೆ, ತೂಗುಸೇತುವೆ, ಗಿರಣಿಯ ಉದ್ದನೆಯ ಕಟ್ಟಡ, ಅಂಚಿನಲ್ಲೊಂದು ಗುಡಿ. ಎಲ್ಲೋ ಒಂದು ಚಿತ್ರದಲ್ಲಿ ಬಂಡೆಯ ಮೇಲೆ ಇರುವೆಯಷ್ಟು ದೊಡ್ಡ ಮನುಷ್ಯ ಕಂಡಾನು. ಅವನನ್ನು ಅಲ್ಲಿ ನಿಲ್ಲಿಸಿದ್ದು ಅವನ ಸಲುವಾಗಿ ಅಲ್ಲ, ಫಾಲ್ಸ್ ಎಷ್ಟು ಎತ್ತರ ಅಂತ ತೋರಿಸಲಿಕ್ಕೆ. ಅವನು ಯಾರು, ಯಾವ ಊರಿನವನು ಎಂದು ಯಾರೂ ಬರೆದಿಟ್ಟಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆತನಗಳ ಎರಡು-ಮೂರು ತಲೆಮಾರು ಫಾಲ್ಸಿನ ಗಿರಣಿಯಲ್ಲಿ ಪಾಳಿ ಮಾಡಿ ಬದುಕಿವೆ. ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡ ಮಂದಿ ಅವರು. ಗಿರಣಿಯ ಫೋಟೋ ಉಳಿದಿದೆ, ಅವರದು ಉಳಿದಿಲ್ಲ. ಇದು ಯಾಕೆ ಹೀಗಾಯಿತು ಎಂದು ಹುಡುಕುತ್ತ ಹೋದರೆ ದಾರಿ ಅಮೆರಿಕದ ಹೊಳೆದಂಡೆಯ ಊರುಗಳ ತನಕ ಹೋಗುತ್ತದೆ.

ಮೊದಲು ನಮ್ಮದೇ ಫಾಲ್ಸಿನ ಕತೆ. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ. ಹೊಳೆ ತುಂಬಿ ಬಂದಾಗ ನೆತ್ತಿಯ ಮೇಲೆ ಅದರ ಅಗಲ ಸುಮಾರು 177 ಮೀಟರ್. ತೂಗುಸೇತುವೆಯ ಉದ್ದ 201 ಮೀಟರ್. 1884ರಲ್ಲಿ ಮುಂಬಯಿ ಸರ್ಕಾರ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರ್ ಪ್ರಕಟಿಸಿದಾಗ ಇಲ್ಲಿ ಇನ್ನೂ ಗಿರಣಿ ಇರಲಿಲ್ಲ. ಮರುವರ್ಷ, 1885ರಲ್ಲಿ, ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ಗಿರಣಿ ನೂಲು ತೆಗೆಯಿತು. ಕಂಪನಿಯ ಹೆಸರಿನಲ್ಲೇ ಗುಟ್ಟಿದೆ ನೋಡಿ: ಹತ್ತಿಗಿಂತ ಮೊದಲು ನೀರು. ಮೇಲಿನಿಂದ ನೀರನ್ನು ಕೊಳವೆಯಲ್ಲಿ ಕೆಳಗಿಳಿಸಿ, ಅದರ ರಭಸದಿಂದ ಟರ್ಬೈನ್ ತಿರುಗಿಸಿ, ಆ ಬಲದಿಂದ ಕದಿರು ತಿರುಗಿಸುವುದು. ಇದ್ದಿಲಿನ ಖರ್ಚಿಲ್ಲ. ಇಲ್ಲಿ 1887ರಲ್ಲೇ ವಿದ್ಯುತ್ ತಯಾರಾಯಿತು ಎಂದು ಸರ್ಕಾರದ ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಗೋಕಾಕ ಫಾಲ್ಸನ್ನು ಸಣ್ಣ ನಯಾಗರ ಅನ್ನುತ್ತಾರಲ್ಲ, ಆ ನಯಾಗರದ ದೊಡ್ಡ ವಿದ್ಯುತ್ ಕೇಂದ್ರ ಶುರುವಾದದ್ದು 1895ರಲ್ಲಿ. ಗೋಕಾಕದ ಗಿರಣಿ ಆಗಲೇ ಎಂಟು ವರ್ಷ ತಿರುಗಿತ್ತು. ಗಿರಣಿಗೆ ಬಂದ ಶಕ್ತಿ ಪಕ್ಕದ ಹಳ್ಳಿಗಳಿಗೆ ಬರಲು ಎಷ್ಟು ವರ್ಷ ಬೇಕಾಯಿತು ಅನ್ನುವುದು ಬೇರೆ ಮಾತು. ಹುಕ್ಕೇರಿಯ ಮಂದಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡದ್ದು 1969ರಲ್ಲಿ.

ಅದೇ ಕಾಲಕ್ಕೆ ಧೂಪದಾಳದಲ್ಲಿ ಹೊಳೆಗೆ ಒಡ್ಡು ಕಟ್ಟುವ ಕೆಲಸ ನಡೆದು, 1897ರ ಹೊತ್ತಿಗೆ ಮುಗಿಯಿತು. ರೈಲೂ ಬಂತು. ರೈಲು, ಒಡ್ಡು, ಗಿರಣಿ, ಫಾಲ್ಸ್ ಇಷ್ಟೆಲ್ಲ ಒಂದೇ ಕಡೆ ಇದ್ದ ಮೇಲೆ ಕ್ಯಾಮೆರಾ ಬಾರದೆ ಇರುತ್ತದೆಯೇ?

ಆದರೆ ಆ ಕ್ಯಾಮೆರಾ ಏನನ್ನು ನೋಡಲು ಬಂತು ಅನ್ನುವುದು ಮುಖ್ಯ. ನಮ್ಮ ಕಡೆ ಸರ್ಕಾರ ಮೊಟ್ಟಮೊದಲು ಫೋಟೋ ತೆಗೆಸಿದ್ದು ಗುಡಿ-ಗುಮ್ಮಟಗಳದ್ದು. 1855ರ ನಂತರ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೂ, ನೀಲ್ ಎಂಬ ಮೂವರು ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಅದಕ್ಕೆ ಇತಿಹಾಸದ ಭಾಗ ಬರೆದವನು ಸುರಪುರದ ಕತೆಯಲ್ಲಿ ಬರುವ ಮೆಡೋಸ್ ಟೇಲರ್. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ ಪುರಾತತ್ವದ ವರದಿ ಬರೆದ. ಕಲ್ಲು ಅವರಿಗೆ ಇತಿಹಾಸ. ಕಲ್ಲಿನ ಪಕ್ಕ ನಿಂತವನು ಅಳತೆಗೋಲು.

ಇದಕ್ಕೆ ಪೂರ್ತಿ ದುರುದ್ದೇಶವೇ ಕಾರಣ ಅನ್ನಲೂ ಆಗದು. ಆಗಿನ ಕ್ಯಾಮೆರಾ ದೊಡ್ಡ ಮರದ ಪೆಟ್ಟಿಗೆ. ಅದರೊಳಗೆ ಗಾಜಿನ ಹಲಗೆ. 1850-60ರ ದಶಕದಲ್ಲಿ ಆ ಗಾಜಿಗೆ ರಾಸಾಯನಿಕ ಬಳಿದು ಹಸಿ ಇರುವಾಗಲೇ ಫೋಟೋ ತೆಗೆಯಬೇಕಿತ್ತು, ತೆಗೆದ ಕೂಡಲೇ ಕತ್ತಲ ಡೇರೆಯೊಳಗೆ ತೊಳೆಯಬೇಕಿತ್ತು. ಮುಚ್ಚಳ ತೆಗೆದು ಹಲವು ಸೆಕೆಂಡು ಬಿಡಬೇಕು. ಅಷ್ಟರೊಳಗೆ ಅಲುಗಾಡಿದ್ದೆಲ್ಲ ಮಸುಕು. ಹಳೆಯ ಚಿತ್ರಗಳಲ್ಲಿ ಜಲಪಾತ ಹಾಲು ಸುರಿದಂತೆ ನುಣ್ಣಗೆ ಕಾಣುವುದು ಇದೇ ಕಾರಣಕ್ಕೆ, ಓಡಾಡುವ ಮನುಷ್ಯ ಹೊಗೆಯಾಗಿ ಅಳಿಸಿಹೋಗುವುದೂ ಇದೇ ಕಾರಣಕ್ಕೆ. ಗಿರಣಿಯ ಒಳಗಂತೂ ಕತ್ತಲು, ಧೂಳು, ಅಲುಗಾಟ. ಅಲ್ಲಿ ಫೋಟೋ ತೆಗೆಯಬೇಕೆಂದರೆ ಮೆಗ್ನೀಸಿಯಂ ಪುಡಿಗೆ ಬೆಂಕಿ ಹಚ್ಚಿ ಬೆಳಕು ಮಾಡಬೇಕು. ಹತ್ತಿಯ ನಡುವೆ ಬೆಂಕಿ! ಯಾವ ಮಾಲೀಕ ಒಪ್ಪುತ್ತಾನೆ?

ಆದರೂ ಒಬ್ಬ ಆ ಕೆಲಸ ಮಾಡಿದ. ಇಲ್ಲಿ ಅಲ್ಲ, ಅಮೆರಿಕದಲ್ಲಿ.

ಅವನ ಹೆಸರು ಲೂಯಿಸ್ ಹೈನ್. ಹುಟ್ಟಿದ್ದು 1874ರಲ್ಲಿ. ನ್ಯೂಯಾರ್ಕಿನಲ್ಲಿ ಶಾಲಾ ಮಾಸ್ತರನಾಗಿದ್ದವನು ಕೆಲಸ ಬಿಟ್ಟು, 1908ರಿಂದ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಯೊಂದಕ್ಕೆ ಫೋಟೋಗ್ರಾಫರ್ ಆದ. ಅಮೆರಿಕದ ಜವಳಿ ಊರುಗಳೆಲ್ಲ ಹೆಚ್ಚುಕಡಿಮೆ ನಮ್ಮ ಫಾಲ್ಸಿನಂತೆಯೇ ಹುಟ್ಟಿದವು. ಹೊಳೆ ಎಲ್ಲಿ ಧುಮುಕುತ್ತದೋ ಅಲ್ಲಿ ಗಿರಣಿ, ಗಿರಣಿ ಎಲ್ಲಿದೆಯೋ ಅಲ್ಲಿ ಊರು. ಮೆರಿಮ್ಯಾಕ್ ಹೊಳೆಯ ಮೇಲೆ ಲೋವೆಲ್, ಚಟ್ಟಹೂಚಿ ಹೊಳೆಯ ಮೇಲೆ ಕೊಲಂಬಸ್. ಹೈನ್ ಇಂಥ ಊರಿಗೆ ಹೋಗಿ ಗಿರಣಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಮ್ಮೆ ಬೈಬಲ್ ಮಾರುವವನ ವೇಷ, ಒಮ್ಮೆ ಪೋಸ್ಟ್‌ಕಾರ್ಡ್ ಮಾರುವವನ ವೇಷ, ಒಮ್ಮೆ ಯಂತ್ರಗಳ ಫೋಟೋ ತೆಗೆಯಲು ಬಂದವನೆಂಬ ಸುಳ್ಳು. ಯಂತ್ರದ ಫೋಟೋ ಅಂದರೆ ಮಾಲೀಕರಿಗೆ ಖುಷಿ. ಅಳತೆ ಗೊತ್ತಾಗಲಿ ಅಂತ ಒಂದು ಮಗುವನ್ನು ಯಂತ್ರದ ಪಕ್ಕ ನಿಲ್ಲಿಸುತ್ತಿದ್ದ. ನಮ್ಮ ಫಾಲ್ಸಿನ ಇರುವೆ ಮನುಷ್ಯನನ್ನು ನಿಲ್ಲಿಸಿದ ಹಾಗೆಯೇ. ಆದರೆ ಹೈನನಿಗೆ ಬೇಕಾದದ್ದು ಯಂತ್ರ ಅಲ್ಲ, ಆ ಮಗು. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆತ್ತರ ಎಂದು ಮೊದಲೇ ಅಳೆದಿಟ್ಟುಕೊಂಡು, ಮಗು ಯಾವ ಗುಂಡಿಯ ತನಕ ಬರುತ್ತದೆ ಎಂದು ನೋಡಿ, ಕಿಸೆಯೊಳಗೆ ಕೈಯಿಟ್ಟು ಚೀಟಿಯ ಮೇಲೆ ಗೀಚಿಕೊಳ್ಳುತ್ತಿದ್ದ. ಹೆಸರು, ವಯಸ್ಸು, ಎಷ್ಟು ದಿನದಿಂದ ಕೆಲಸ, ಕೂಲಿ ಎಷ್ಟು.

ಹೀಗೆ ಅವನು ತೆಗೆದ 5,000ಕ್ಕೂ ಹೆಚ್ಚು ಫೋಟೋಗಳು ಇವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ನಿಮ್ಮ ಫೋನಿನಲ್ಲೇ ಪುಕ್ಕಟೆ ನೋಡಬಹುದು.

ಕೊಲಂಬಸ್ ಊರಿನಲ್ಲಿ 1913ರ ಏಪ್ರಿಲ್‌ನಲ್ಲಿ ತೆಗೆದ ಒಂದು ಸರಣಿಯಿದೆ. ನಮ್ಮವರು ನೋಡಲೇಬೇಕಾದದ್ದು ಇದು. ಗಿರಣಿ ಗೇಟಿನ ಮುಂದೆ ಸಣ್ಣ ಸಣ್ಣ ಮಕ್ಕಳು ಕೈಯಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದಾರೆ. ಒಳಗೆ ಕೆಲಸ ಮಾಡುವ ಅಪ್ಪ, ಅವ್ವ, ಅಕ್ಕಂದಿರಿಗೆ ಬುತ್ತಿ ತಂದವರು. ಇದರಲ್ಲೇನು ತಪ್ಪು ಅನಿಸುತ್ತದೆ. ನಾವೂ ಹೊಲಕ್ಕೆ ಬುತ್ತಿ ಒಯ್ದವರೇ. ಹೈನ್ ಅದರ ಕೆಳಗೆ ಬರೆದ ಟಿಪ್ಪಣಿ ಓದಿದರೆ ಬೇರೆ ಕತೆ. ಈ ಮಕ್ಕಳಲ್ಲಿ ಹಲವರು ವಾರದ ಕೂಲಿಗೆ ಬುತ್ತಿ ಹೊರುತ್ತಾರೆ, ಕೆಲವರು ದಿನಕ್ಕೆ ಹತ್ತರ ಮೇಲೆ. ಬುತ್ತಿ ಕೊಡಲು ಒಳಗೆ ಹೋದವರು ಮಧ್ಯಾಹ್ನವೂ ಓಡುತ್ತಿರುವ ಯಂತ್ರಕ್ಕೆ ಕೈ ಹಚ್ಚುತ್ತಾರೆ. ಹಾಗೇ ಕೆಲಸ ಕಲಿಯುತ್ತಾರೆ. ವಯಸ್ಸು ತುಂಬುವ ಎಷ್ಟೋ ಮೊದಲೇ ಮಕ್ಕಳು ಹೀಗೆ ಕಲಿಯಲಿ ಎಂದು ತಾಯಂದಿರೇ ಬಯಸುತ್ತಾರೆ ಎಂದು ಅಲ್ಲಿನ ಒಬ್ಬ ಶಿಕ್ಷಕಿ ಅವನಿಗೆ ಹೇಳಿದ್ದಳು. ಲೆಕ್ಕದ ಪುಸ್ತಕದಲ್ಲಿ ಆ ಮಗು ಕಾರ್ಮಿಕ ಅಲ್ಲ, ಬುತ್ತಿ ತಂದದ್ದು ಅಷ್ಟೇ.

ಬರೀ ಫೋಟೋ ಇದ್ದಿದ್ದರೆ ಬುಟ್ಟಿ ಹಿಡಿದ ಮಕ್ಕಳು ಮುದ್ದಾಗಿ ಕಾಣುತ್ತಿದ್ದವು. ಕೆಳಗಿನ ನಾಲ್ಕು ಸಾಲು ಅದನ್ನು ಸಾಕ್ಷಿ ಮಾಡಿತು.

ಹೆಸರು ಬರೆಯುವುದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇನ್ನೊಂದು ಫೋಟೋ ಹೇಳುತ್ತೇವೆ. 1910ರಲ್ಲಿ ವರ್ಮಾಂಟ್ ರಾಜ್ಯದ ನಾರ್ತ್ ಪೌನಲ್ ಎಂಬ ಊರಿನ ಗಿರಣಿಯಲ್ಲಿ ಹೈನ್ ಒಬ್ಬ ಹುಡುಗಿಯ ಫೋಟೋ ತೆಗೆದ. ಬರಿಗಾಲು, ಎಣ್ಣೆ ಕಲೆಯ ಬಟ್ಟೆ, ಒಂದು ಕೈ ನೂಲಿನ ಯಂತ್ರದ ಮೇಲೆ. ತನಗೆ ಹನ್ನೆರಡು ಎಂದು ಅವಳು ಹೇಳಿದಳು, ಹತ್ತು ಎಂದು ಜತೆಯ ಹುಡುಗಿಯರು ಹೇಳಿದರು. ಅವಳ ಅಡ್ಡಹೆಸರನ್ನು ಮುಂದೆ ತಪ್ಪಾಗಿ ಓದಿದ್ದರಿಂದ ಎಷ್ಟೋ ವರ್ಷ ಅವಳು ಆಡಿ ಲೇರ್ಡ್ ಎಂದೇ ದಾಖಲಾಗಿದ್ದಳು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವಳ ಚಿತ್ರದ ಅಂಚೆಚೀಟಿ ತಂದಿತು. ಆಮೇಲೆ ಎಲಿಜಬೆತ್ ವಿಂಥ್ರಾಪ್ ಎಂಬ ಲೇಖಕಿ ಮತ್ತು ಜೋ ಮ್ಯಾನಿಂಗ್ ಎಂಬ ಸಂಶೋಧಕ ಹಳೆಯ ಜನಗಣತಿ ಕಾಗದಗಳನ್ನು ತಿರುವಿ ಅವಳ ನಿಜವಾದ ಹೆಸರು ಆಡಿ ಕಾರ್ಡ್ ಎಂದು ಪತ್ತೆ ಹಚ್ಚಿದರು. ಅವಳು ಮದುವೆಯಾಗಿ, ಬಾಳಿ, 90 ದಾಟಿ, 1993ರಲ್ಲಿ ತೀರಿಕೊಂಡಿದ್ದಳು. ತನ್ನ ಮುಖ ಅಂಚೆಚೀಟಿಯ ಮೇಲೆ ಬರುತ್ತದೆ ಎಂದು ಗೊತ್ತಾಗುವ ಮೊದಲೇ. ತಪ್ಪಾಗಿಯಾದರೂ ಒಂದು ಹೆಸರು, ಒಂದು ಊರು ಕಾಗದದ ಮೇಲೆ ಇತ್ತು. ಅಷ್ಟರ ಎಳೆ ಹಿಡಿದು ಅವಳ ಮನೆ ತನಕ ಹೋಗಲು ಸಾಧ್ಯವಾಯಿತು.

ಹೈನನನ್ನು ದೇವರ ಜಗಲಿಯ ಮೇಲೆ ಕೂರಿಸಬೇಕಿಲ್ಲ. ಅವನ ದಕ್ಷಿಣ ರಾಜ್ಯಗಳ ಗಿರಣಿ ಚಿತ್ರಗಳಲ್ಲಿ ಕಾಣುವ ಮಕ್ಕಳು ಹೆಚ್ಚಾಗಿ ಬಿಳಿಯರೇ. ಯಾಕೆಂದರೆ ಅಲ್ಲಿ ನೂಲುವ ಯಂತ್ರದ ಕೆಲಸಕ್ಕೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹತ್ತಿ ಬಿಡಿಸುವುದು, ಹೇರುವುದು ಅವರ ಪಾಲಿಗೆ. ಮಿಸಿಸಿಪ್ಪಿ ಹೊಳೆಯ ದಂಡೆಯ ನ್ಯೂ ಆರ್ಲಿಯನ್ಸ್ ಪಟ್ಟಣದ ಫೋಟೋಗಳನ್ನು ನೋಡಿ. ಡೆಟ್ರಾಯ್ಟ್ ಪಬ್ಲಿಷಿಂಗ್ ಕಂಪನಿ ಎಂಬ ಪೋಸ್ಟ್‌ಕಾರ್ಡ್ ಕಂಪನಿ 1900ರ ಆಚೀಚೆ ಅಮೆರಿಕದ ಪಟ್ಟಣಗಳನ್ನೆಲ್ಲ ದೊಡ್ಡ ಗಾಜಿನ ಹಲಗೆಯ ಮೇಲೆ ತೆಗೆಸಿಟ್ಟಿತ್ತು. ಅಂಥ ಸುಮಾರು 25,000 ಗಾಜುಗಳು ಅದೇ ಲೈಬ್ರರಿಯಲ್ಲಿವೆ. ಎಷ್ಟು ಸ್ಪಷ್ಟ ಎಂದರೆ ಅಂಗಡಿಯ ಬೋರ್ಡು ಓದಬಹುದು. ದಂಡೆಯ ತುಂಬ ಹತ್ತಿಯ ಅಂಡಿಗೆ, ಹೊಗೆ ಉಗುಳುವ ದೋಣಿ, ಅಂಡಿಗೆ ಉರುಳಿಸುವ ಕಪ್ಪು ಕೂಲಿಗಳು. ಬೋರ್ಡು ಓದಬಹುದು, ಕೂಲಿಯ ಹೆಸರು ಎಲ್ಲೂ ಇಲ್ಲ. ಹೊಳೆ ಬದಲಾದರೂ ಇರುವೆ ಮನುಷ್ಯ ಅವನೇ.

ಇನ್ನೊಂದು ಮಾತು. ಆ ನ್ಯೂ ಆರ್ಲಿಯನ್ಸ್ ನಮಗೆ ದೂರದ ಊರೇನಲ್ಲ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಲ್ಲಿಯ ಹತ್ತಿ ಬೀಜವನ್ನು ಧಾರವಾಡ ಸೀಮೆಗೆ ತಂದು ಬಿತ್ತಿಸಿತ್ತು. ಧಾರವಾಡ-ಅಮೆರಿಕನ್ ಎಂದು ಆ ಹತ್ತಿ ಲಿವರ್‌ಪೂಲ್ ಪೇಟೆಯ ತನಕ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಎರೆ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು, ಯುದ್ಧ ಮುಗಿದ ಕೂಡಲೇ ಬಿದ್ದೂ ಹೋಯಿತು. ಅದಾಗಿ ಇಪ್ಪತ್ತು ವರ್ಷಕ್ಕೆ ಫಾಲ್ಸಿನ ಗಿರಣಿ. ಇಲ್ಲಿನ ಹತ್ತಿ ಇಲ್ಲೇ ನೂಲಾಗುವ ದಾರಿ ತೆರೆಯಿತು.

ಆ ಕಾಲದ ನಮ್ಮ ಕಾನೂನನ್ನೂ ನೋಡಿಬಿಡೋಣ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಅದರ ಪ್ರಕಾರ ಏಳು ವರ್ಷ ತುಂಬಿದ ಮಗುವನ್ನು ಕೆಲಸಕ್ಕೆ ಹಚ್ಚಬಹುದಿತ್ತು, ದಿನಕ್ಕೆ ಒಂಬತ್ತು ತಾಸು. 1891ರಲ್ಲಿ ಆ ವಯಸ್ಸು ಒಂಬತ್ತಾಯಿತು, ತಾಸು ಏಳಾಯಿತು. 1911ರ ಕಾಯ್ದೆ ಜವಳಿ ಗಿರಣಿಯ ಗಂಡಸರಿಗೆ ದಿನಕ್ಕೆ ಹನ್ನೆರಡು ತಾಸಿನ ಮಿತಿ ಹಾಕಿತು. ಮಿತಿಯೇ ಹನ್ನೆರಡು! ಹನ್ನೆರಡು ವರ್ಷದ ಒಳಗಿನ ಮಕ್ಕಳನ್ನು ಹೊರಗಿಟ್ಟದ್ದು 1922ರಲ್ಲಿ. ಮುಂಬಯಿ ಇರಲಿ, ಸೊಲ್ಲಾಪುರ ಇರಲಿ, ಗೋಕಾಕ ಇರಲಿ, ಬ್ರಿಟಿಷ್ ಆಳ್ವಿಕೆಯ ಸೀಮೆಯ ದೊಡ್ಡ ಗಿರಣಿಗಳು ಈ ಕಾನೂನಿನೊಳಗೇ ನಡೆದವು. ಆದರೆ ನಮ್ಮಲ್ಲಿ ಕೋಟಿನ ಗುಂಡಿಯಿಂದ ಮಕ್ಕಳ ಎತ್ತರ ಅಳೆಯುವ ಹೈನ್ ಇರಲಿಲ್ಲ. ಏಳು ವರ್ಷದ ಮಗು ಕದಿರಿನ ಪಕ್ಕ ನಿಂತರೆ ಹೇಗೆ ಕಾಣುತ್ತದೆ ಎಂದು ತಿಳಿಯಲು ನಾವು ಅಮೆರಿಕದ ಫೋಟೋ ನೋಡಬೇಕಾಗಿದೆ.

ಹಾಗಾದರೆ ನಮ್ಮವರ ಫೋಟೋ ಎಲ್ಲೂ ಇಲ್ಲವೇ? ಇದೆ. ಪಡಸಾಲೆಯ ಬಾಗಿಲ ಮೇಲೆ, ಗಾಜಿನ ಕಟ್ಟಿನಲ್ಲಿ, ಹೊಗೆ ಹಿಡಿದು ಕೂತಿದೆ. ಟ್ರಂಕಿನಲ್ಲಿ ಸೀರೆಯ ಕೆಳಗೆ, ಕರದಂಟಿನ ಖಾಲಿ ಡಬ್ಬಿಯಲ್ಲಿ, ರೇಷನ್ ಕಾರ್ಡಿನ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಇದೆ. ಗಿರಣಿಯ ಪಾಸು, ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ ಜೋಡಿ ಫೋಟೋ, ನಿವೃತ್ತಿಯ ದಿನ ಹಾರ ಹಾಕಿಕೊಂಡು ನಿಂತ ಗುಂಪು. ಕುಲಗೋಡ, ಕೌಜಲಗಿ ಕಡೆಯ ಪಾರಿಜಾತ ಆಟದ ಮೇಳಗಳು ವೇಷ ಕಟ್ಟಿಕೊಂಡು ತೆಗೆಸಿದ ಫೋಟೋಗಳೂ ಇಂಥ ಟ್ರಂಕಿನಲ್ಲೇ ಇರುತ್ತವೆ, ಯಾವ ಲೈಬ್ರರಿಯಲ್ಲೂ ಅಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಒಂದೇ ಒಂದು ಫೋಟೋ ಇರುತ್ತದೆ. ಅದೂ ತೀರಿಕೊಂಡ ಮೇಲೆ, ಗೋಡೆಗೆ ಆನಿಸಿ ಕುಳ್ಳಿರಿಸಿ, ಸುತ್ತ ಮಂದಿ ನಿಂತು ತೆಗೆಸಿದ್ದು. ಬದುಕಿದ್ದಾಗ ಕ್ಯಾಮೆರಾ ಮುಂದೆ ಕೂರಲು ಅವಳಿಗೆ ಪುರುಸೊತ್ತಾಗಲಿಲ್ಲ, ರೊಕ್ಕವೂ ಇರಲಿಲ್ಲ. ಹೊರಗಿನವರಿಗೆ ಅದು ಭಯದ ಚಿತ್ರ. ಮನೆಯವರಿಗೆ ಅವಳ ಮುಖ ಉಳಿದ ಏಕೈಕ ಜಾಗ. ಅಷ್ಟೂ ಇಲ್ಲದ ಮನೆಗಳಿವೆ. ಊರಿನ ಯಾವ ಓಣಿಯಲ್ಲಿ ಹಳೆಯ ಫೋಟೋ ಸಿಗುತ್ತದೆ, ಯಾವ ಓಣಿಯಲ್ಲಿ ಒಂದೂ ಸಿಗುವುದಿಲ್ಲ ಎಂದು ಒಮ್ಮೆ ಮನೆ ಮನೆ ತಿರುಗಿ ನೋಡಿ. ಊರಿನ ಇತಿಹಾಸದ ಅರ್ಧ ಅಲ್ಲೇ ತಿಳಿಯುತ್ತದೆ.

ಇದ್ದದ್ದೂ ಉಳಿಯುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಪರಿಹಾರದ ಅರ್ಜಿಯಲ್ಲಿ ಮನೆ, ಗೋಡೆ, ದನ, ಕಾಳು ಬರೆಯಲು ಜಾಗ ಇತ್ತು. ಗೋಡೆಯ ಮೇಲಿನ ಫೋಟೋಗೆ ಯಾವ ಕಲಮು? ಆ ನೆರೆಯ ಸಾವಿರಾರು ವಿಡಿಯೋ ನಮ್ಮ ಫೋನುಗಳಲ್ಲಿ ಇದ್ದವು. ಫೋನು ಬದಲಾದಂತೆ ಅವೂ ಹೋದವು. ಹುಕ್ಕೇರಿ ತಾಲ್ಲೂಕಿನವರಿಗೆ ಇದು ಹೊಸದಲ್ಲ. ಹಿಡಕಲ್ ಜಲಾಶಯ 1977ರಲ್ಲಿ ಪೂರ್ತಿಯಾದಾಗ ಹಳ್ಳಿಗಳು ನೀರೊಳಗೆ ಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಮಂದಿ ಹೋಗಿ ಅದರ ಫೋಟೋ ತೆಗೆದುಕೊಂಡು ಬರುತ್ತಾರೆ. ಗುಡಿಯ ಸುತ್ತ ಇದ್ದ ಮನೆಗಳು ಯಾರವು, ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು ಎಂದು ಬೆರಳು ಮಾಡಿ ಹೇಳಬಲ್ಲವರಿಗೆ ಈಗ ಅರವತ್ತು ದಾಟಿದೆ.

ಗೂಗಲ್‌ನಲ್ಲಿ ಗೋಕಾಕ ಅಂತ ಹಳೆಯ ಫೋಟೋ ಹುಡುಕಿದರೆ ಬರುವುದು ಗೋಕಾಕ್ ಚಳವಳಿಯ ಚಿತ್ರಗಳು, ಡಾ. ರಾಜ್‌ಕುಮಾರ್ ಭಾಷಣ. ಅದು ವಿ.ಕೃ. ಗೋಕಾಕರ ವರದಿಯ ಚಳವಳಿ. ನಮ್ಮ ಊರಿನ ಹೆಸರಿನಲ್ಲೂ ನಮ್ಮ ಊರು ಸಿಗುವುದಿಲ್ಲ!

ಆದ್ದರಿಂದ ಈ ಮಳೆಗಾಲಕ್ಕೆ ಒಂದು ಕೆಲಸ ಇಟ್ಟುಕೊಂಡಿದ್ದೇವೆ, ನಿಮ್ಮದೂ ಕೈ ಬೇಕು. ಮನೆಯ ಹಳೆಯ ಫೋಟೋಗಳನ್ನು ಕೆಳಗಿಳಿಸಿ. ಕಟ್ಟಿನಿಂದ ಸಲೀಸಾಗಿ ಬಂದರೆ ಮಾತ್ರ ತೆಗೆಯಿರಿ. ಗಾಜಿಗೆ ಅಂಟಿದ್ದರೆ ಕೀಳಬೇಡಿ, ಮುಖದ ಪದರವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ. ಫ್ಲ್ಯಾಶ್ ಬೇಡ, ಮುಂಜಾನೆ ಕಟ್ಟೆಯ ನೆರಳಿನ ಬೆಳಕು ಸಾಕು. ಫೋನು ಫೋಟೋಗೆ ನೇರವಾಗಿ, ಸಮನಾಗಿ ಇರಲಿ. ನೀರು ಹೊಕ್ಕ ಫೋಟೋ ಇದ್ದರೆ ಒರೆಸದೆ, ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಮುಖ ಮೇಲಾಗಿ ನೆರಳಲ್ಲಿ ಒಣಗಿಸಿ.

ಆಮೇಲೆ ಫೋಟೋವನ್ನು ಹೊರಳಿಸಿ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಸಿಕ್ಕೆ, ಪೆನ್ಸಿಲ್ಲಿನ ತಾರೀಖು, ಯಾರೋ ಬರೆದ ಅರ್ಧ ಹೆಸರು ಇರುವುದು ಅಲ್ಲಿ. ಏನೂ ಇರದಿದ್ದರೆ ಮನೆಯ ಹಿರಿಯರ ಪಕ್ಕ ಕೂತು ಕೇಳಿ: ಇವರು ಯಾರು, ಎಡದಿಂದ ಮೂರನೆಯವರು ಯಾರು, ಯಾವ ಪಾಳಿ, ಯಾವ ಖಾತೆ, ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಹೋದರು, ಮೊದಲ ಪಗಾರ ಎಷ್ಟು. ಅಜ್ಜಿಗೆ ಹೆಸರು ಅರ್ಧ ಮರೆತಿದ್ದರೆ ಅರ್ಧವನ್ನೇ ಬರೆದುಕೊಳ್ಳಿ. ಮೆದು ಪೆನ್ಸಿಲ್ಲಿನಿಂದ, ಒತ್ತದೆ, ಅಂಚಿನಲ್ಲಿ.